ಹೊಸ್ತಿಲ ಮೇಲಿನ ಬೋರಲು ಲೋಟ

ನನ್ನ ಗಂಟಲು ದೊಡ್ಡದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಟ್ಟಿನ ಗಿರಣಿ ನಡೆಸುವವಳು ಪಿಸುಮಾತಾಡಿಕೊಂಡು ಕೂತರೆ ರಾಗಿ ತಂದವರಿಗೆ ಗೋಧಿಹಿಟ್ಟು, ಗೋಧಿ ತಂದವರಿಗೆ ಖಾರದಪುಡಿ ಹೋಗುತ್ತದೆ. ಬೆಲ್ಟಿನ ಸದ್ದನ್ನು ಮೀರಿ ನನ್ನ ಮಾತು ಕೇಳಬೇಕು. ಮದುವೆಯಾಗಿ ಬಂದಾಗಿನಿಂದ ಕೂಗಿ ಕೂಗಿ ಈಗ ಇದೇ ನನ್ನ ದನಿಯಾಗಿಬಿಟ್ಟಿದೆ. ಹಾಗಾಗಿ ನಮ್ಮೂರಲ್ಲಿ ಯಾರಿಗೆ ಜ್ವರ ಬಂದರೂ ನನ್ನನ್ನು ಕಂಡವರು ಮೊದಲು ಹೇಳುವ ಮಾತು ಒಂದೇ: "ದಾಕ್ಷಾಯಿಣಿ, ನೀನು ಸ್ವಲ್ಪ ಹಿಂದೆ ನಿಂತ್ಕೋ ತಾಯಿ."

ನಮ್ಮೂರಲ್ಲಿ ಮೈ ಬಿಸಿಯಾದವರಿಗೆ ಮನುಷ್ಯರು ಆಗುವುದಿಲ್ಲ. ಹೆತ್ತ ತಾಯಿಯಿರಲಿ, ಕಟ್ಟಿಕೊಂಡ ಗಂಡನಿರಲಿ, ಹತ್ತಿರ ಬಂದರೆ ಬೆನ್ನು ನಡುಗಿ ಮುಖ ತಾನಾಗಿಯೇ ಗೋಡೆಯ ಕಡೆ ತಿರುಗುತ್ತದೆ. ಅವರು ಕೊಟ್ಟ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಯಾರೋ ಒಬ್ಬರು ಮಾತ್ರ ಒಗ್ಗುತ್ತಾರೆ. ಆ ಒಬ್ಬರು ಯಾರೆಂದು ಕಾಯಿಲೆಯವರು ಆರಿಸುವಂತಿಲ್ಲ, ಅವರ ಮೈ ಆರಿಸುತ್ತದೆ. ಅದಕ್ಕೇ ಜ್ವರದ ಮನೆಯವರು ಹೊಸ್ತಿಲ ಮೇಲೆ ಒಂದು ಲೋಟ ಬೋರಲು ಹಾಕುತ್ತಾರೆ. ನೆಂಟರು, ನೆರೆಯವರು ಒಬ್ಬೊಬ್ಬರಾಗಿ ಬಂದು ಹೊಸ್ತಿಲಾಚೆ ನಿಂತು ಕಾಯಿಲೆಯವರ ಹೆಸರು ಹಿಡಿದು ಕೂಗುತ್ತಾರೆ. ಮುಖ ಗೋಡೆಗೆ ತಿರುಗಿತೋ, ತುಟಿಪಿಟಕ್ಕೆನ್ನದೆ ಹಿಂದೆ ಹೋಗಬೇಕು. ತಿರುಗಲಿಲ್ಲವೋ, ಲೋಟ ನೆಟ್ಟಗೆ ಮಾಡಿ ನೀರು ತುಂಬಿಕೊಂಡು ಒಳಗೆ ಹೋಗಬಹುದು.

ಜಮೀನಿಗಾಗಿ ಕೋರ್ಟಿನಲ್ಲಿ ಬಡಿದಾಡುವ ಅಣ್ಣತಮ್ಮಂದಿರಿದ್ದಾರೆ. ಜ್ವರ ಬಂದರೆ ಅಣ್ಣನಿಗೆ ತಮ್ಮನೇ ಆಗಬೇಕು. ಬಂದು ನೀರು ಕುಡಿಸಿ, ಗಂಜಿ ಕುಡಿಸಿ, ಜ್ವರ ಇಳಿದ ಮೇಲೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಕೋರ್ಟಿಗೆ ಹೋಗುತ್ತಾರೆ. ಒಬ್ಬ ಮೇಷ್ಟರಿಗೆ ತಾವು ಗಣಿತದಲ್ಲಿ ಫೇಲು ಮಾಡಿದವನೇ ಒಗ್ಗಿದ. ಅವನೀಗ ಕೋಳಿ ಅಂಗಡಿ ಇಟ್ಟಿದ್ದಾನೆ, ಮೇಷ್ಟರು ಸೀನಿದರೂ ಸಾಕು ಅಂಗಡಿ ಬಾಗಿಲು ಹಾಕಿಕೊಂಡು ಓಡಿ ಬರುತ್ತಾನೆ. ಯಾರೂ ಒಗ್ಗದೆ ಹೋದವರೂ ಇದ್ದಾರೆ. ಅವರ ಹೊಸ್ತಿಲ ಮೇಲಿನ ಲೋಟ ಕೊನೆಯವರೆಗೂ ಬೋರಲಾಗಿಯೇ ಉಳಿಯಿತು.

ನಾನು ಯಾರಿಗೂ ಒಗ್ಗಿದವಳಲ್ಲ. ನಾನೇ ಹೆತ್ತ ಮಗಳಿಗೆ ಅವಳ ಸೋದರತ್ತೆ ಒಗ್ಗಿದಳು. ಬಾಗಿಲ ಹೊರಗೆ ಸೆರಗು ಕಚ್ಚಿಕೊಂಡು ನಿಂತಿದ್ದೆ, ಹೊಟ್ಟೆ ಉರಿದುಹೋಗಿತ್ತು. ನನ್ನ ಗಂಡ ರೇಣುಕಪ್ಪನವರಿಗೆ ಜ್ವರ ಬಂದರೆ ಅವರ ಅಣ್ಣನೇ ಆಗಬೇಕು. ಇನ್ನು ನನಗೆ ಆಗುತ್ತಿದ್ದವಳು ನಮ್ಮಮ್ಮ ಒಬ್ಬಳೇ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಾಗ ಸಾಲಿನಲ್ಲಿ ಮೊದಲು ನಿಂತವರು ನಮ್ಮೆಜಮಾನರೇ. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು "ದಾಕ್ಷಾಯಿಣಿ" ಅಂದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನು ಒಳಗೊಳಗೇ ತಿರುಗಬೇಡ, ತಿರುಗಬೇಡ ಅಂದುಕೊಳ್ಳುತ್ತಿದ್ದೇನೆ, ಹಾಳಾದ ಕತ್ತು ಕೇಳಬೇಕಲ್ಲ! ಗೋಡೆಗೆ ತಿರುಗಿಯೇಬಿಟ್ಟಿತು. ಅವರು ಹೊರಟುಹೋದರು. ಅಲ್ಲಿಂದಾಚೆಗೆ ನನ್ನ ಹೊಸ್ತಿಲಿಗೆ ಬಂದವರಲ್ಲ. ಲೋಟ ಬೋರಲಾದ ಕೂಡಲೇ ಸೈಕಲ್ ಹತ್ತಿ ನಮ್ಮಮ್ಮನನ್ನು ಕರೆತರುವುದಷ್ಟೇ ಅವರ ಕೆಲಸವಾಯಿತು. ಅಮ್ಮ ಹೋದ ವರ್ಷ ತೀರಿಕೊಂಡಳು. ಅದಾದ ಮೇಲೆ ನನಗೆ ಜ್ವರ ಬಂದಿರಲಿಲ್ಲ, ಆದರೆ ಮೂಗು ಕಟ್ಟಿದರೂ ಎದೆ ಧಸಕ್ಕೆನ್ನುತ್ತಿತ್ತು.

ಇಂಥ ಊರಿಗೆ ಡಾಕ್ಟರ್ ಶಾರ್ವರಿ ಬಂದರು. ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿ ಬಂದವರು, ಗಿರಣಿಯ ಮೇಲಿನ ನಮ್ಮ ಕೋಣೆಯನ್ನೇ ಬಾಡಿಗೆಗೆ ಹಿಡಿದರು. ಅಪ್ಪ ಅಮ್ಮ ಇಲ್ಲ. ತಮ್ಮನೊಬ್ಬ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಯಾವ ಸಮುದ್ರದ ಮೇಲಿರುತ್ತಾನೋ ಅವನಿಗೇ ಗೊತ್ತಿಲ್ಲ. ಆಯಮ್ಮನಿಗೆ ಕಂಡದ್ದನ್ನೆಲ್ಲ ಕೇಳುವ ಚಟ, ನನಗೆ ಕೇಳದೇ ಇದ್ದದ್ದನ್ನೂ ಹೇಳುವ ಚಟ. ಸಂಜೆ ಕರೆಂಟು ಹೋಗಿ ಗಿರಣಿ ನಿಂತಾಗಲೆಲ್ಲ ಕೆಳಗಿಳಿದು ಬಂದು ಜೋಳದ ಮೂಟೆಯ ಮೇಲೆ ಕೂರುತ್ತಿದ್ದರು.

"ಜ್ವರ ಬಂದಾಗ ಮೂಲೆ ಹಿಡಿಯೋದು ನಿಮ್ಮೂರಲ್ಲಿ ಮಾತ್ರ ಅಲ್ಲ ದಾಕ್ಷಾಯಿಣಮ್ಮ," ಅಂದರು ಒಂದು ಸಂಜೆ. "ಎಲ್ಲಾ ಕಡೆ ಇದೆ. ಮೈಯೊಳಗೆ ರೋಗದ ಜೊತೆ ಹೊಡೆದಾಡೋ ಕಾವಲುಗಾರರಿದಾರಲ್ಲ, ಅವರು ಮೆದುಳಿಗೆ ಹೇಳಿ ಕಳಿಸ್ತಾರೆ. ಈಗ ಜನ ಬೇಡ, ಸುಮ್ನೆ ಬಿದ್ಕೋ ಅಂತ. ಆದ್ರೂ ತನಗೆ ಬೇಕಾದೋರು ಪಕ್ಕದಲ್ಲಿರ್ಲಿ ಅಂತ ಆಸೆ ಆಗುತ್ತೆ. ನಿಮ್ಮೂರಲ್ಲಿ ಆ ಕಾವಲುಗಾರರ ಗಂಟಲು ಸ್ವಲ್ಪ ದೊಡ್ಡದು, ಅಷ್ಟೇ."

"ನನ್ನ ಹಾಗೆ ಅನ್ನಿ," ಅಂದೆ.

ಅವರು ನಕ್ಕರು. "ಇನ್ನೂ ಒಂದು ತಮಾಷೆ ಇದೆ. ಆ ಕಾವಲುಗಾರರೇ ಇಲ್ಲದ ಹಾಗೆ ಮಾಡಿದ ಇಲಿಗಳನ್ನ ನೋಡಿದಾರೆ. ಅವು ಬೇರೆ ಇಲಿ ಕಂಡ್ರೂ ಹತ್ತಿರ ಹೋಗೋಕೆ ಅಷ್ಟಾಗಿ ಇಷ್ಟಪಡಲ್ಲ, ತಮ್ಮ ಪಾಡಿಗೆ ತಾವಿರ್ತವೆ. ಅಂದ್ರೆ ಜನರ ಜೊತೆ ಬೆರೆಯೋ ಬುದ್ಧೀಲೂ ಕಾವಲುಗಾರರ ಕೈವಾಡ ಇದೆ ಅಂತಾಯ್ತು."

"ಅಯ್ಯೋ, ಗಿರಣೀಲಿ ಕೂತು ಇಲಿ ಸುದ್ದಿ ಎತ್ತಬೇಡಿ ಡಾಕ್ಟ್ರಮ್ಮ, ಗಿರಾಕಿಗಳು ಕೇಳಿಸ್ಕೊಂಡ್ರೆ ಕಷ್ಟ." ಹಾಗೆ ಅಂದೆನೇ ಹೊರತು ಆವತ್ತು ರಾತ್ರಿಯ ಅಡುಗೆ ಮಾಡುವಾಗಲೂ ಅದೇ ಯೋಚನೆ. ನನ್ನೊಳಗೂ ಕಾವಲುಗಾರರಿದ್ದಾರೆ, ನನ್ನ ಗಂಡನನ್ನು ಬೇಡವೆಂದು ಕಳಿಸಿದ್ದು ಅವರೇ ಹೊರತು ನಾನಲ್ಲ ಎಂಬ ಮಾತು ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ.

ಮತ್ತೊಂದು ಸಂಜೆ ಅವರು ಕೇಳಿದರು: "ಒಗ್ಗದೇ ಇದ್ದೋರು ಹೋಗದೆ ಅಲ್ಲೇ ಕೂತ್ಬಿಟ್ರೆ ಏನಾಗುತ್ತೆ?"

"ಹಾಗೆ ಯಾರೂ ಕೂರಲ್ಲ."

"ಅದೇ ಯಾಕೆ ಅಂತ."

"ಇದೇನು ಹೀಗೆ ಕೇಳ್ತೀರಿ? ಮುಖ ತಿರುಗಿಸಿಕೊಂಡ ಮೇಲೂ ಕೂರೋಕೆ ಮಾನ ಮರ್ಯಾದೆ ಬೇಡ್ವಾ?"

"ಹಾಗಾದ್ರೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ," ಅಂದರು. ಕರೆಂಟು ಬಂತು, ನಾನು ಎದ್ದು ಗಿರಣಿ ಹಾಕಿದೆ.

ಮಾವಿನ ಕಾಲದಲ್ಲಿ ಊರಿಗೆ ಕೆಟ್ಟ ಜ್ವರ ಬಂತು. ಬೀದಿಬೀದಿಯಲ್ಲೂ ಬೋರಲು ಲೋಟಗಳು. ಡಾಕ್ಟ್ರಮ್ಮ ಮನೆಮನೆಗೆ ಅಲೆದರು. ಒಳಗೆ ಹೋಗುವಂತಿಲ್ಲವಾದ್ದರಿಂದ ಹೊಸ್ತಿಲಲ್ಲಿ ನಿಂತು, ಒಗ್ಗಿದವರ ಕೈಗೆ ಮಾತ್ರೆ ಕೊಟ್ಟು, ನಾಡಿ ನೋಡುವುದನ್ನು ಅವರಿಗೇ ಹೇಳಿಕೊಟ್ಟು ಬರುತ್ತಿದ್ದರು. ಹೆಚ್ಚುಕಮ್ಮಿ ಎಲ್ಲರೂ ಎದ್ದು ಓಡಾಡುವಂತಾದ ಮೇಲೆ ಆಯಮ್ಮನೇ ಮಲಗಿದರು. ಆಸ್ಪತ್ರೆಯ ಕಾಂಪೌಂಡರ್ ತಮ್ಮಯ್ಯ ಮೆಟ್ಟಿಲು ಹತ್ತಿ ಹೋದವನು ಅಷ್ಟೇ ಬೇಗ ಇಳಿದು ಬಂದ.

"ಮುಖ ತಿರುಗಿಸಿಕೊಂಡ್ರು ಕಣಕ್ಕ. ನಮ್ಮೂರ ನೀರು ಅವರಿಗೂ ಹತ್ತಿಬಿಟ್ಟಿದೆ. ಲೋಟ ಹಾಕು."

ನಾನೇ ಲೋಟ ಹಾಕಿದೆ. ಆಮೇಲೆ ನೋಡಬೇಕಿತ್ತು ಜನವನ್ನು! ಸಾಲು ನಮ್ಮ ಮೆಟ್ಟಿಲಿಂದ ಶುರುವಾಗಿ ತಿರುವಿನ ಸೋಡಾ ಅಂಗಡಿಯವರೆಗೂ ಇತ್ತು. ಆಯಮ್ಮನ ಮೇಲಿನ ಪ್ರೀತಿ ಒಂದು ಕಡೆ. ಡಾಕ್ಟರಿಗೇ ಒಗ್ಗಿದವರು ಎನ್ನಿಸಿಕೊಳ್ಳುವ ಆಸೆ ಇನ್ನೊಂದು ಕಡೆ. ಪುರಸಭೆ ಅಧ್ಯಕ್ಷರು ರೇಷ್ಮೆ ಅಂಗಿ ಹಾಕಿಕೊಂಡು ಬಂದು, "ಶಾರ್ವರಿಯವರೇ" ಎಂದು ಭಾಷಣದ ದನಿಯಲ್ಲಿ ಕೂಗಿ, ಬೆವರು ಒರೆಸಿಕೊಂಡು ಇಳಿದರು. ಲೋಟದ ಶಾಸ್ತ್ರಕ್ಕೆಲ್ಲ ಮುಂದೆ ನಿಲ್ಲುವ ಹಿರಿಯಳು ಸಿದ್ದಗಂಗಮ್ಮ ಕೂಗಿದಳು, ಆಗಲಿಲ್ಲ. ಮೇಷ್ಟರು, ಕೋಳಿ ಅಂಗಡಿಯವನು, ಕೋರ್ಟಿನ ಅಣ್ಣತಮ್ಮಂದಿರು, ಯಾರೂ ಒಗ್ಗಲಿಲ್ಲ. ಸಾಲಿನ ಕೊನೆಯಲ್ಲಿ ನಮ್ಮೆಜಮಾನರನ್ನು ಕಂಡು ನನಗೆ ಆಶ್ಚರ್ಯವಾಯಿತು. ಕೈಗೆ ಮೆತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತಾ ಹತ್ತಿ ಹೋದರು, ಇಳಿದು ಬಂದು ತಲೆ ಅಲ್ಲಾಡಿಸಿದರು.

ಮಾರನೆಯ ದಿನವೂ ಒಂದು ತೊಟ್ಟು ನೀರು ಒಳಗೆ ಹೋಗಲಿಲ್ಲ. ತಮ್ಮಯ್ಯ ಧೈರ್ಯ ಮಾಡಿ ಗ್ಲೂಕೋಸ್ ಏರಿಸಲು ಹೋದರೆ ಆಯಮ್ಮ ಸೂಜಿ ಕಿತ್ತು ಬಿಸಾಡಿದರು. ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸೋಣವೆಂದು ಎತ್ತಲು ಹೋದರೆ ಉಸಿರೇ ಕಟ್ಟಿದಂತಾಗಿ ಕಣ್ಣು ಮೇಲಾಯಿತು, ಎಲ್ಲರೂ ಹೆದರಿ ಕೈಬಿಟ್ಟರು. "ನಾಳೆ ಸಂಜೆ ದಾಟೋದು ಕಷ್ಟ ಕಣಕ್ಕ," ಎಂದ ತಮ್ಮಯ್ಯ. ಅವನ ಕಣ್ಣು ತುಂಬಿತ್ತು.

ಬೆಳಿಗ್ಗೆ ನಮ್ಮೆಜಮಾನರು ಕಾಫಿ ಕುಡಿಯುತ್ತಾ ಕೇಳಿದರು: "ನೀನು ನಿಂತ್ಯಾ?"

"ನನ್ನ ಹಣೆಬರಹ ನಿಮಗೆ ಗೊತ್ತಿಲ್ವಾ? ಸ್ವಂತ ಮಗಳಿಗೇ ಆಗದವಳು, ಅವರಿಗೆ ಆಗ್ತೀನಾ? ನನ್ನ ಗಂಟಲು ಕೇಳಿದ್ರೆ ಇರೋ ಜೀವನೂ ಹೋಗುತ್ತೆ."

"ದಿನಾ ಸಂಜೆ ಅದೇ ಗಂಟಲು ಕೇಳೋಕೆ ತಾನೇ ಅವರು ಕೆಳಗಿಳಿದು ಬರ್ತಿದ್ದಿದ್ದು," ಅಂದರು, ಲೋಟ ಕೆಳಗಿಟ್ಟು ಹೊರಟರು. ನಮ್ಮೆಜಮಾನರು ಮಾತಾಡುವುದೇ ಅಪರೂಪ, ಆಡಿದರೆ ಹೀಗೆ ಚುರುಕ್ಕೆನ್ನಿಸುತ್ತಾರೆ.

ನಾನು ಗಿರಣಿಯ ಸೀರೆಯಲ್ಲೇ, ತಲೆಗೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡೇ ಮೇಲೆ ಹೋದೆ. ಹೊಸ್ತಿಲಾಚೆ ನಿಂತು, ಆದಷ್ಟೂ ಮೆಲ್ಲಗೆ, "ಶಾರ್ವರಿ" ಅಂದೆ. ನನ್ನ ಮೆಲ್ಲಗೆ ಎಂದರೆ ಬೀದಿಗೆ ಕೇಳಿಸುವಷ್ಟು. ಆಯಮ್ಮ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿದರು. ಹೊದಿಕೆಯೊಳಗೆ ಬೆನ್ನು ಗಡಗಡ ನಡುಗುತ್ತಿತ್ತು.

ಗೊತ್ತಿದ್ದೂ ಗೊತ್ತಿದ್ದೂ ನೋವಾಯಿತು. ಇಳಿದು ಹೋಗಲು ತಿರುಗಿದೆ. ಆಗ ಅವರ ಒಂದು ಪಾದ ಹೊದಿಕೆಯಿಂದ ಹೊರಗಿರುವುದು ಕಂಡಿತು. ಹಿಮ್ಮಡಿ ಒಡೆದು, ಮನೆಮನೆ ಅಲೆದ ಧೂಳು ಇನ್ನೂ ಹಾಗೇ ಅಂಟಿಕೊಂಡಿತ್ತು. ತೊಳೆಯುವವರೂ ಇರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಿ? ಊರಿನ ಮೇಲೆ, ಆ ಕಾವಲುಗಾರರ ಮೇಲೆ, ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದು ಹೋದ ಅಷ್ಟು ದೊಡ್ಡ ಸಾಲಿನ ಮೇಲೆ. ಕೂತರೆ ಏನಾಗುತ್ತೆ ಅಂತ ಕೇಳಿದ್ದಿರಲ್ಲ ತಾಯಿ, ನೋಡೇಬಿಡೋಣ ಅಂದುಕೊಂಡು, ಅವರಿಗೆ ಬೆನ್ನು ಹಾಕಿ, ಹೊಸ್ತಿಲ ಹೊರಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ಸಿದ್ದಗಂಗಮ್ಮ ಕೆಳಗಿನಿಂದ ನನ್ನನ್ನು ಕಂಡಳು. "ಏ ದಾಕ್ಷಾಯಿಣಿ, ನಾಚಿಕೆ ಆಗಲ್ವೇನೇ? ಬೇಡ ಅಂದ ಮೇಲೂ ಕೂತಿದೀಯಲ್ಲೇ! ಇಳಿದು ಬಾ!"

ಬಾಯಿ ಬಿಟ್ಟರೆ ಒಳಗಿರುವವರಿಗೆ ತೊಂದರೆ. ಕೈ ಸನ್ನೆ ಮಾಡಿ ಹೋಗು ಅಂದೆ. ಅವಳು ಹೋಗಲಿಲ್ಲ, ಇನ್ನೂ ನಾಲ್ಕು ಜನರನ್ನು ಸೇರಿಸಿದಳು. ಬೇರೆ ದಿನವಾಗಿದ್ದರೆ ನಾನೊಬ್ಬಳೇ ಅಷ್ಟೂ ಜನಕ್ಕೆ ಉತ್ತರ ಕೊಡುತ್ತಿದ್ದೆ. ಆವತ್ತು ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ನನ್ನ ಜನ್ಮದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ.

ಹಿಂದೆ ಮಂಚ ಕಟಕಟ ಎನ್ನುತ್ತಿತ್ತು. ನಡುಕ ಹೆಚ್ಚಾಗಿತ್ತು. ನನಗೆ ಭಯವಾಗತೊಡಗಿತು. ನನ್ನ ಹಟಕ್ಕೆ ಇವರ ಜೀವ ಹೋದರೆ? ತಮ್ಮಯ್ಯ ಮೆಟ್ಟಿಲ ನಡುವೆ ನಿಂತು, "ಅಕ್ಕಾ, ಸಾಕು ಬಾ, ಉಸಿರು ಜೋರಾಗ್ತಿದೆ," ಎಂದು ಅಂಗಲಾಚಿದ. ಏಳೋಣವೆಂದು ನೆಲಕ್ಕೆ ಕೈಯೂರಿದೆ. ಎದ್ದು ಹೋದರೆ ಅವರು ಸಾಯುವುದು ಖಂಡಿತ. ಕೂತರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೇ ಇರೋಣವೆಂದು ಕೈ ತೆಗೆದೆ.

ಬಿಸಿಲು ಮೆಟ್ಟಿಲಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಏರಿತು. ಗಿರಣಿ ನಿಂತಿದ್ದರಿಂದ ಬೀದಿಯೆಲ್ಲ ಸಪ್ಪೆಯಾಗಿತ್ತು. ಮಧ್ಯಾಹ್ನ ಕಳೆದ ಮೇಲೆ ಮಂಚದ ಸದ್ದು ಕಡಿಮೆಯಾದಂತೆ ಅನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕುತೂಹಲ ತಡೆಯಲಾರದೆ ಒಂದು ಗೇಣು ಹಿಂದಕ್ಕೆ ಸರಿದೆ. ಮತ್ತೆ ಕಟಕಟ. ಸರಿ, ಅಲ್ಲೇ ಕೂತೆ. ಸುಮಾರು ಹೊತ್ತಿನ ಮೇಲೆ ಅದು ನಿಂತಿತು. ಇನ್ನೊಂದು ಗೇಣು. ಹೀಗೆ ಹೊಸ ನಾಯಿಮರಿಯನ್ನು ಪಳಗಿಸುವ ಹಾಗೆ ಅವರೊಳಗಿನ ಕಾವಲುಗಾರರನ್ನು ಪಳಗಿಸುತ್ತಾ ಹೊಸ್ತಿಲಿಗೆ ಬೆನ್ನು ತಾಗಿಸಿದೆ. ಹೊಟ್ಟೆಗೆ ಏನೂ ಇಲ್ಲ, ಮಾತಿಲ್ಲ, ಕತೆಯಿಲ್ಲ. ಬೇಸರಕ್ಕೆ ನಿದ್ದೆ ಹತ್ತಿಬಿಟ್ಟಿತು. ನಾಚಿಕೆಗೇಡು, ಆದರೆ ನಿಜ.

ಕಿವಿಯ ಪಕ್ಕದಲ್ಲೇ ಠಣ್ ಎಂದು ಸದ್ದಾಗಿ ಎಚ್ಚರವಾಯಿತು. ಸಂಜೆಯಾಗಿತ್ತು. ಆಯಮ್ಮ ಮಂಚದಿಂದ ಇಳಿದು, ನೆಲದ ಮೇಲೆ ತೆವಳಿಕೊಂಡು ಬಂದು ಹೊಸ್ತಿಲ ಹತ್ತಿರ ಮಲಗಿದ್ದರು. ಲೋಟವನ್ನು ತಾವೇ ನೆಟ್ಟಗೆ ಮಾಡಿದ್ದರು. ಕಾಯಿಲೆಯವರೇ ಲೋಟ ತಿರುಗಿಸಿದ್ದನ್ನು ಕಂಡವರೂ ಇಲ್ಲ, ಕೇಳಿದವರೂ ಇಲ್ಲ. ಮುಖ ನನ್ನ ಕಡೆಗಿತ್ತು.

"ಗೊರಕೆನೂ ಅಷ್ಟೇ ಜೋರು," ಅಂದರು, ದನಿಯೇ ಇಲ್ಲದ ದನಿಯಲ್ಲಿ. "ನೀರು."

ನಾನು ಕುಡಿಸಿದೆ. ಇಳಿಯಿತು. ಅರ್ಧ ನೀರು ಅವರ ಕತ್ತಿನ ಮೇಲೆ ಚೆಲ್ಲಿದರೂ ಇನ್ನರ್ಧ ಇಳಿಯಿತು. ಆಮೇಲೆ ನಾನು ಅತ್ತದ್ದು ಕೆಳಗಿನ ಬೀದಿಗೆಲ್ಲ ಕೇಳಿಸಿ, ಡಾಕ್ಟ್ರಮ್ಮ ಹೋಗಿಯೇಬಿಟ್ಟರೆಂದು ಸಿದ್ದಗಂಗಮ್ಮನೂ ಅಳಲು ಶುರುಮಾಡಿದಳಂತೆ.

ಚೇತರಿಸಿಕೊಂಡ ಮೇಲೆ ಆಯಮ್ಮ ನನ್ನ ಪ್ರಾಣ ತಿಂದರು. ಯಾವಾಗ ನಡುಕ ನಿಂತಿತು, ಸರಿದಾಗ ಏನಾಯಿತು, ಮೈಯಲ್ಲಿ ಹಿಟ್ಟಿನ ವಾಸನೆ ಇತ್ತಾ, ಎಲ್ಲ ಹೇಳಬೇಕು. "ಮೊದಲು ನೀವು ಬಂದಾಗ ಸಾಯೋಷ್ಟು ಹಿಂಸೆ ಆಯ್ತು. ಆಮೇಲೆ ಹಿಂಸೆ ಕಮ್ಮಿ ಆಯ್ತು. ಆಮೇಲೆ ನೀವು ಎದ್ದು ಹೋಗ್ಬಿಡ್ತೀರೇನೋ ಅಂತ ಭಯ ಆಯ್ತು. ಕಾವಲುಗಾರರಿಗೆ ಗುರುತು ಸಿಗೋಕೆ ಹೊತ್ತು ಬೇಕೇನೋ. ಆದ್ರೆ ಒಂದ್ಸಲ ಆಗಿದ್ದನ್ನ ನಂಬೋ ಹಾಗಿಲ್ಲ ದಾಕ್ಷಾಯಿಣಮ್ಮ. ಇನ್ನೊಂದ್ಸಲ ನೋಡ್ಬೇಕು."

"ಇನ್ನೊಂದ್ಸಲ ಮಲಗಿ ನೋಡಿ, ನಾನೇ ಹೊಡೀತೀನಿ," ಅಂದೆ.

ಮಲಗಿದವಳು ನಾನು. ದಿನವೆಲ್ಲ ಅವರ ಬಾಗಿಲಲ್ಲಿ ಕೂತವಳಿಗೆ ಅವರ ಜ್ವರ ಅಂಟದೆ ಇರುತ್ತದೆಯೇ? ಅಕ್ಕಿ ಬೀಸುತ್ತಿದ್ದಂತೆಯೇ ಕೀಲುಕೀಲೂ ಹಿಡಿದುಕೊಂಡಿತು. ಗಿರಾಕಿಗಳ ಮುಖ ಕಂಡರೆ ಬೆನ್ನು ಜುಮ್ಮೆನ್ನತೊಡಗಿತು. ಮೋಟಾರು ಆರಿಸಿ ಒಳಗೆ ಹೋಗಿ ಬಿದ್ದುಕೊಂಡೆ. ಹೊಸ್ತಿಲ ಮೇಲೆ ಲೋಟ ಬೋರಲಾದ ಸದ್ದು ಕೇಳಿಸಿತು. ಅಮ್ಮಾ ಅಂದುಕೊಂಡೆ. ಇನ್ನು ಸೈಕಲ್ ಹತ್ತಿ ಹೋದರೂ ಕರೆತರಲು ಅವಳಿಲ್ಲವೆಂಬುದು ಆಗಲೇ ನಿಜವಾಗಿ ನನ್ನ ತಲೆಗೆ ಹೋದದ್ದು.

ಮೊದಲು ಡಾಕ್ಟ್ರಮ್ಮ ಬಂದರು. ಇವರಿಗಂತೂ ಮುಖ ತಿರುಗುವುದಿಲ್ಲ, ನೀರು ಕುಡಿಸಿದ ಋಣವಾದರೂ ಇದೆಯಲ್ಲ ಎಂದುಕೊಂಡೆ. "ದಾಕ್ಷಾಯಿಣಮ್ಮ" ಅಂದರು. ಕತ್ತು ಗೋಡೆಗೆ ತಿರುಗಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಯಮ್ಮನಿಗೆ ಬೇಸರವಾಗಲಿಲ್ಲ, "ಓ, ನೀವು ನನಗೆ ಒಗ್ಗಿದ್ರೂ ನಾನು ನಿಮಗೆ ತಾನಾಗೇ ಒಗ್ಗಲ್ಲ!" ಎಂದು ಹೊಸ ವಿಷಯ ಸಿಕ್ಕವರಂತೆ ಅಂದರು. "ಪರವಾಗಿಲ್ಲ, ನಾನು ಕೂರ್ತೀನಿ."

"ಬೇಡ ಡಾಕ್ಟ್ರಮ್ಮ," ಎಂದಿತು ಅವರ ಹಿಂದಿನಿಂದ ಒಂದು ದನಿ. ನಮ್ಮೆಜಮಾನರದು. "ಆಸ್ಪತ್ರೇಲಿ ಜನ ಕಾಯ್ತಿದಾರೆ, ನೀವು ಹೋಗಿ. ನಾನು ನೋಡ್ತೀನಿ."

ಅವರ ಚಪ್ಪಲಿಯ ಸದ್ದು ಹೊಸ್ತಿಲವರೆಗೂ ಬಂದು ನಿಂತಿತು. ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

"ದಾಕ್ಷಾಯಿಣಿ."

ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ ಮೇಲೆ ಆ ಬಾಯಲ್ಲಿ ನನ್ನ ಹೆಸರು ಬಂದದ್ದು ಇವತ್ತೇ. ಅದಾಗಲೇ ಗೋಡೆಗಿದ್ದ ನನ್ನ ಮುಖ ಇನ್ನೂ ಒತ್ತಿಕೊಂಡು ಸುಣ್ಣ ಕೆನ್ನೆಗೆ ಹತ್ತಿತು. ಬೆನ್ನು ಕಿತ್ತುಹೋಗುವಂತೆ ನಡುಗಿತು. ಆಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಅಂಗಳ ದಾಟಿತು. ಗಿರಣಿಯ ಬಾಗಿಲು ತೆಗೆದ ಸದ್ದಾಯಿತು. ಹೋದರು, ಹೊಸ ಮದುಮಗನಾಗಿ ಹೋದ ಹಾಗೆಯೇ ಇವತ್ತೂ ಹೋದರು. ಅವರದೇನು ತಪ್ಪು, ಮರ್ಯಾದಸ್ಥರು. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಬಾಯಿಗೆ ಬಂತು. ಆವತ್ತು ನನ್ನೊಳಗೆ ಹೋದ ನೀರು ಅದೊಂದೇ.

ಮತ್ತೆ ಚಪ್ಪಲಿಯ ಸದ್ದು. ಜೊತೆಗೆ ಏನನ್ನೋ ನೆಲದ ಮೇಲೆ ಎಳೆದು ತರುವ ಸದ್ದು. ಅದು ಅಂಗಳದಲ್ಲಿ ಗರಗರ ಎಂದು ಬಂದು ಹೊಸ್ತಿಲ ಹೊರಗೆ ನಿಂತಿತು. ಹಿಟ್ಟಿನ ಡಬ್ಬಗಳ ಪಕ್ಕದಲ್ಲಿಟ್ಟುಕೊಂಡು ನಾನು ದಿನಾ ಕೂರುವ ದಪ್ಪ ಮಣೆ. ಅದರ ಒಂದು ಕಾಲು ಮೋಟು, ಕೂತರೆ ಟಕ್ ಎನ್ನುತ್ತದೆ. ಟಕ್ ಎಂದಿತು.

"ಎಷ್ಟು ಹೊತ್ತಾಗುತ್ತೋ ಏನೋ ಅಂತ ಮಣೆ ತರೋಕೆ ಹೋಗಿದ್ದೆ," ಅಂದರು. "ನೆಲದ ಮೇಲೆ ಕೂತ್ರೆ ನಂಗೆ ಸೊಂಟ ಹಿಡ್ಕೊಳ್ಳುತ್ತೆ."

ನನ್ನ ಬೆನ್ನು ನಡುಗುತ್ತಲೇ ಇತ್ತು. ನಡುಗಲಿ ಅಂದುಕೊಂಡೆ.